ಬುದ್ಧಿ ಸೋವಿ, ಕಬ್ಬಿಣ ತುಟ್ಟಿ

1959ರ ಫೆಬ್ರುವರಿಯಲ್ಲಿ ಅಮೆರಿಕದ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿ ಪತ್ರಕರ್ತರನ್ನು ಕರೆಸಿ, ಹೊರಡುವಾಗ ಒಬ್ಬೊಬ್ಬರ ಕೈಗೂ ಒಂದೊಂದು ಅಲ್ಯೂಮಿನಿಯಂ ಆಷ್‌ಟ್ರೇ ಕೊಟ್ಟು ಕಳಿಸಿತು. ನೋಡಲು ಅಂಥ ವಿಶೇಷವೇನೂ ಇಲ್ಲ. ಆದರೆ ಅದನ್ನು ಕೊರೆಯುವಾಗ ಯಂತ್ರದ ಹ್ಯಾಂಡಲ್ ಯಾರೂ ತಿರುಗಿಸಿರಲಿಲ್ಲ. ಡಗ್ಲಸ್ ರಾಸ್ ಮುಂದಾಳತ್ವದಲ್ಲಿ ತಯಾರಾದ ಎಪಿಟಿ ಎಂಬ ಭಾಷೆಯಲ್ಲಿ ಬರೆದ ಸೂಚನೆಗಳನ್ನು ಕಂಪ್ಯೂಟರು ಅಂಕಿಗಳಾಗಿ ಬಿಡಿಸಿತ್ತು, ಆ ಅಂಕಿಗಳು ತೂತು ಹೊಡೆದ ಟೇಪಿಗೆ ಇಳಿದಿದ್ದವು, ಟೇಪು ಓದಿದ ಮಿಲ್ಲಿಂಗ್ ಯಂತ್ರ ಲೋಹವನ್ನು ಕೆತ್ತಿತ್ತು. ಈ ಕೆಲಸದ ಬೆನ್ನಿಗೆ ಅಮೆರಿಕದ ವಾಯುಪಡೆಯ ಹಣವಿತ್ತು.

ಅಂಥದೇ ಆಷ್‌ಟ್ರೇಯನ್ನು ಇವತ್ತು ಹವ್ಯಾಸಿಯೊಬ್ಬ ತನ್ನ ಮನೆಯ ಕಾರು ಶೆಡ್ಡಿನಲ್ಲಿ, ತಾನೇ ಕಟ್ಟಿದ ಯಂತ್ರದಲ್ಲಿ ತೆಗೆಯಬಲ್ಲ. ವಾಯುಪಡೆಯಿಂದ ಶೆಡ್ಡಿನವರೆಗಿನ ಈ ದಾರಿಯನ್ನು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ಸ್ ಅಗ್ಗವಾದ ಕಥೆಯೆಂದು ಹೇಳಿ ಮುಗಿಸುತ್ತಾರೆ. ಅದು ಅರ್ಧ ಕಥೆ. ಯಂತ್ರದ ಬುದ್ಧಿ ಸೋವಿಯಾಯಿತು, ನಿಜ. ಅದರ ಮೈ ಮಾತ್ರ ಸೋವಿಯಾಗಲೇ ಇಲ್ಲ. ಮನೆಯಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರಿನ ಅಂಕಿಗಳು ನಡೆಸುವ ಯಂತ್ರ, ಕಟ್ಟಿದವರ ಚರಿತ್ರೆಯ ಬಹುಪಾಲು ಈ ಎರಡನೇ ಸಂಕಟದ ಚರಿತ್ರೆ.

ಮೊದಲು ಬುದ್ಧಿಯ ಕಥೆ. ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಎಂಬ ಉದ್ಯಮಿಯಿದ್ದ. ಕಾಲೇಜಿನ ಪದವಿ ಇರಲಿಲ್ಲ. 1940ರ ದಶಕದಲ್ಲಿ ಅವನ ಕಂಪನಿ ಸಿಕೋರ್ಸ್ಕಿ ಹೆಲಿಕಾಪ್ಟರುಗಳಿಗೆ ರೆಕ್ಕೆಯಲಗು ಮಾಡಿಕೊಡುತ್ತಿತ್ತು. ಅಲಗಿನ ಅಡ್ಡಕೊಯ್ತದ ವಕ್ರರೇಖೆಗೆ ಗ್ರಾಹಕರಿಂದ ಬರುತ್ತಿದ್ದದ್ದು 17 ಬಿಂದುಗಳಷ್ಟೇ. ನಡುವಿನ ಗೆರೆಯನ್ನು ಫ್ರೆಂಚ್ ಕರ್ವ್ ಇಟ್ಟು ಕಣ್ಣಂದಾಜಿನಲ್ಲಿ ಎಳೆದು, ಅಚ್ಚಿನ ತಗಡನ್ನು ಅರ ಹಾಕಿ ಸರಿಪಡಿಸಬೇಕಿತ್ತು. ಪಾರ್ಸನ್ಸ್ ಕೆಲಸಕ್ಕೆ ಸೇರಿಸಿಕೊಂಡ ಎಂಜಿನಿಯರ್ ಫ್ರಾಂಕ್ ಸ್ಟೂಲನ್ ಕಚೇರಿ ಲೆಕ್ಕಕ್ಕೆಂದು ಇದ್ದ ಐಬಿಎಂ ಪಂಚ್ ಕಾರ್ಡ್ ಯಂತ್ರವನ್ನು ಈ ವಕ್ರರೇಖೆಗೆ ಹಚ್ಚಿ, 17ರ ಜಾಗದಲ್ಲಿ 200 ಬಿಂದುಗಳ ಪಟ್ಟಿ ತೆಗೆದ. ಆಮೇಲೆ ಯಂತ್ರದ ಮುಂದೆ ನಡೆದದ್ದು ಹೀಗೆ: ಒಬ್ಬ ಪಟ್ಟಿ ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನಿಬ್ಬರು ಅಡ್ಡಕ್ಕೊಂದು ಉದ್ದಕ್ಕೊಂದು ಹ್ಯಾಂಡಲ್ ಹಿಡಿದು ಅಷ್ಟಷ್ಟೇ ತಿರುಗಿಸುತ್ತಾರೆ, ಕಟರ್ ಇಳಿಯುತ್ತದೆ, ಮುಂದಿನ ಬಿಂದು. ಓದುವವನ ಬದಲು ಕಾರ್ಡು, ತಿರುಗಿಸುವವರ ಬದಲು ಮೋಟರು ಇದ್ದರೆ ಹೇಗೆ ಎಂದು ಪಾರ್ಸನ್ಸ್ ಕೇಳಿಕೊಂಡ. ಇವತ್ತಿನ ಸಿಎನ್‌ಸಿ ಕೂಡ ಮಾಡುತ್ತಿರುವುದು ಇದನ್ನೇ.

1949ರಲ್ಲಿ ಅವನಿಗೆ ವಾಯುಪಡೆಯ ಗುತ್ತಿಗೆ ಸಿಕ್ಕಿತು. ಮೋಟರುಗಳ ನಿಯಂತ್ರಣ ತನ್ನ ಕೈಮೀರಿದ್ದೆಂದು ಅವನು ಎಂಐಟಿಯ ಸರ್ವೊಮೆಕ್ಯಾನಿಸಮ್ಸ್ ಪ್ರಯೋಗಾಲಯವನ್ನು ಜೊತೆಗೆ ಕರೆದುಕೊಂಡ. ಕರೆದವನೇ ಕೊನೆಗೆ ಹೊರಗುಳಿದ. ಎಂಐಟಿಯವರಿಗೆ ಬಿಂದುವಿನಿಂದ ಬಿಂದುವಿಗೆ ಹೋಗುವ ಯಂತ್ರ ಸಾಲಲಿಲ್ಲ, ಎಡೆಬಿಡದೆ ವಕ್ರದಲ್ಲಿ ಚಲಿಸುವ ಯಂತ್ರ ಬೇಕಾಯಿತು. ಯೋಜನೆ ದೊಡ್ಡದಾಯಿತು, ಗುತ್ತಿಗೆ ಅವರತ್ತ ಸರಿಯಿತು. 1952ರ ಸೆಪ್ಟೆಂಬರಿನಲ್ಲಿ ಅವರು ಯಂತ್ರ ತೋರಿಸಿದರು. ಪಾರ್ಸನ್ಸ್ ಮತ್ತು ಸ್ಟೂಲನ್ನರಿಗೆ 1958ರಲ್ಲಿ ಪೇಟೆಂಟ್ ಬಂತು, 1985ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಪದಕವೂ ಬಂತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಇಂಥ ಕಥೆಗಳಲ್ಲಿ ಹೊರಗುಳಿದವರಿಗೆ ಅಷ್ಟಾದರೂ ಸಿಗುವುದು ಅಪರೂಪ.

1952ರ ಆ ಯಂತ್ರವನ್ನು ಕೊಂಚ ಹತ್ತಿರದಿಂದ ನೋಡಬೇಕು. ನಿರ್ವಾತ ಕೊಳವೆ ಮತ್ತು ರಿಲೇಗಳನ್ನು ತುಂಬಿಕೊಂಡ ನಿಯಂತ್ರಣದ ಕಪಾಟುಗಳು ಯಂತ್ರಕ್ಕಿಂತ ಹೆಚ್ಚು ಜಾಗ ಹಿಡಿದಿದ್ದವು. ಆ ಕಪಾಟುಗಳನ್ನು ಎಂಐಟಿ ಹೊಸದಾಗಿ ಕಟ್ಟಿತ್ತು. ಲೋಹ ಕೊರೆಯುವ ಮೈಯನ್ನು ಕಟ್ಟಿರಲಿಲ್ಲ. ಅದು ಸಿನ್ಸಿನಾಟಿ ಕಂಪನಿಯ ಹೈಡ್ರೊಟೆಲ್ ಎಂಬ ಸಿದ್ಧ ಮಿಲ್ಲಿಂಗ್ ಯಂತ್ರ. ಅದರ ಹ್ಯಾಂಡಲುಗಳ ಜಾಗಕ್ಕೆ ಸರ್ವೊಗಳನ್ನು ಕೂರಿಸಲಾಗಿತ್ತು. ಹವ್ಯಾಸಿಗಳ ಭಾಷೆಯಲ್ಲಿ ಹೇಳುವುದಾದರೆ ಅಂಕಿಗಳ ಹಿಡಿತದಲ್ಲಿ ನಡೆದ ಜಗತ್ತಿನ ಮೊದಲ ಎನ್‌ಸಿ ಯಂತ್ರವೇ ಒಂದು ರೆಟ್ರೊಫಿಟ್. ವಾಯುಪಡೆಯ ದುಡ್ಡಿದ್ದವರೂ ಕಬ್ಬಿಣದ ಕೆಲಸಕ್ಕೆ ಕೈಹಾಕದೆ, ಬಲ್ಲವರು ಮಾಡಿಟ್ಟದ್ದನ್ನೇ ತಂದುಕೊಂಡರು.

ಅವರು ಕೈಹಾಕದ ಆ ಕೆಲಸದ ಕಥೆ ಇನ್ನೂ ಹಳೆಯದು. ಯಂತ್ರ ನೇರವಾಗಿ ಕೊರೆಯಬೇಕಾದರೆ ಅದು ಜಾರುವ ಹಳಿ ನೇರವಿರಬೇಕು. ಹಳಿಯನ್ನು ನೇರ ಮಾಡಲು ಇನ್ನೊಂದು ನೇರವಾದ ಯಂತ್ರ ಬೇಕು. ಹಾಗಾದರೆ ಮೊತ್ತಮೊದಲ ನೇರ ಬಂದದ್ದೆಲ್ಲಿಂದ? ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್‌ಲಿಯ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನಿಗಳ ಸಭೆಯ ಮುಂದೆ ಇದಕ್ಕೆ ಉತ್ತರ ಇಟ್ಟ. ಮೂರು ಬೀಡು ಕಬ್ಬಿಣದ ಫಲಕ ತೆಗೆದುಕೊಳ್ಳಬೇಕು. ಒಂದಕ್ಕೆ ತೆಳುವಾಗಿ ಬಣ್ಣ ಸವರಿ ಇನ್ನೊಂದರ ಮೇಲೆ ಉಜ್ಜಿದರೆ ಉಬ್ಬಿದ ಜಾಗಕ್ಕಷ್ಟೇ ಬಣ್ಣ ಹತ್ತುತ್ತದೆ. ಅದನ್ನು ಕೈಯಿಂದ ಕೆರೆದು ತೆಗೆಯಬೇಕು. ಎರಡೇ ಫಲಕವಾದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿ, ಎರಡೂ ಸರಿಯಾಗಿ ಕೂತು ಮೋಸ ಮಾಡಬಹುದು. ಮೂರನೆಯದು ಬಂದಾಗ ಆ ಮೋಸ ನಡೆಯುವುದಿಲ್ಲ: ಉಬ್ಬಿದ ಎರಡು ಒಂದಕ್ಕೊಂದು ಕೂರಲಾರವು. ಮೂರನ್ನೂ ಜೋಡಿ ಬದಲಿಸುತ್ತ ಉಜ್ಜಿ, ಕೆರೆದು, ಮತ್ತೆ ಉಜ್ಜಿದರೆ ಮೂರೂ ಸಪಾಟಾಗುವುದೊಂದೇ ದಾರಿ ಉಳಿಯುತ್ತದೆ. ಯಾವ ಯಂತ್ರದ ಹಂಗೂ ಇಲ್ಲದೆ, ಬರಿಗೈ ಮತ್ತು ತಾಳ್ಮೆಯಿಂದ ಸಪಾಟು ಹುಟ್ಟುತ್ತದೆ.

ಈ ತಾಳ್ಮೆಯ ಬೆಲೆ ಕರ್ನಾಟಕಕ್ಕೂ ಗೊತ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತುಗಳನ್ನು ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರ್ಕಾರ ಯಂತ್ರಗಳನ್ನು ಮಾಡುವ ಯಂತ್ರ ನಮ್ಮಲ್ಲೇ ಆಗಬೇಕೆಂದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಕೈಹಿಡಿದು 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪಿಸಿತು. 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಅಲ್ಲಿನ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂತು. ಎಚ್‌ಎಂಟಿ ಎಂದರೆ ಜನಕ್ಕೆ ಕೈಗಡಿಯಾರ. ಆದರೆ ಗಡಿಯಾರಕ್ಕಿಂತ ಮೊದಲು ಅದು ಹುಟ್ಟಿದ್ದೇ ಲೇತಿಗಾಗಿ.

ಇದನ್ನೆಲ್ಲ ಒಬ್ಬನೇ ಮನುಷ್ಯ ಹಿತ್ತಲಲ್ಲಿ ಮಾಡಬಹುದೇ? ಮಾಡಬಹುದು ಎಂದು ಪುಸ್ತಕ ಬರೆದವನು ಡೇವಿಡ್ ಗಿಂಜರಿ. ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡಿನವನು. 1980ರಿಂದ ಮುಂದೆ ಅವನು ಬರೆದ ಏಳು ಪುಸ್ತಕಗಳ ಮಾಲಿಕೆಯಲ್ಲಿ ಗುಜರಿಯಿಂದ ಪೂರ್ತಿ ವರ್ಕ್‌ಶಾಪ್ ಕಟ್ಟುವ ಕ್ರಮವಿದೆ. ಮೊದಲು ಬಕೆಟ್ಟಿನೊಳಗೆ ಮಣ್ಣು ಮೆತ್ತಿ ಇದ್ದಿಲ ಕುಲುಮೆ. ಅದರಲ್ಲಿ ಹಳೆಯ ಅಲ್ಯೂಮಿನಿಯಂ ಕರಗಿಸಿ ಮರಳಿನ ಅಚ್ಚಿಗೆ ಎರೆದು ಲೇತಿನ ಭಾಗಗಳು. ಎರಕದ ಹಾಸಿನ ಮೇಲೆ ಉಕ್ಕಿನ ಪಟ್ಟಿ ಬಿಗಿದು, ವಿಟ್‌ವರ್ತ್ ಹೇಳಿದಂತೆಯೇ ಬಣ್ಣ ಹಚ್ಚಿ ಕೆರೆದು ಹಳಿ. ಆಮೇಲೆ ಶೇಪರ್, ಆಮೇಲೆ ಮಿಲ್ಲಿಂಗ್ ಯಂತ್ರ. ಪ್ರತಿ ಯಂತ್ರವೂ ತನ್ನ ಮುಂದಿನದನ್ನು ಹೆರಲು ನೆರವಾಗುತ್ತದೆ. ಲೇತು ಕೂಡ ಅರ್ಧ ಆದಾಗಲೇ ತನ್ನ ಉಳಿದರ್ಧದ ಕೆಲವು ತುಂಡುಗಳನ್ನು ತಾನೇ ಮಾಡಿಕೊಳ್ಳುತ್ತದೆ. ಗಿಂಜರಿಯ ಯಂತ್ರಗಳಲ್ಲಿ ಕಂಪ್ಯೂಟರ್ ಇಲ್ಲ. ಹಾಗಿದ್ದೂ ಮನೆ ಸಿಎನ್‌ಸಿಯ ಚರಿತ್ರೆಯಲ್ಲಿ ಅವನಿಗೆ ಜಾಗ ಕೊಡಲೇಬೇಕು, ಏಕೆಂದರೆ ಮೈಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳದೆ ಎದುರಿಸಿದವರಲ್ಲಿ ಅವನೊಬ್ಬ.

ಅಷ್ಟರಲ್ಲಿ ಬುದ್ಧಿಯ ಬೆಲೆ ಇಳಿಯುತ್ತಿತ್ತು. ಮೊದಮೊದಲು ಎನ್‌ಸಿ ಯಂತ್ರಗಳನ್ನು ಕೊಳ್ಳುವವರೇ ಇರದೆ, ಅಮೆರಿಕದ ಸೇನೆಯೇ ನೂರಕ್ಕೂ ಹೆಚ್ಚು ಯಂತ್ರ ಮಾಡಿಸಿ ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟಿತ್ತು. 1970ರ ದಶಕದಲ್ಲಿ ಕಪಾಟಿನ ಜಾಗಕ್ಕೆ ಮಿನಿ ಕಂಪ್ಯೂಟರು, ಅದರ ಹಿಂದೆಯೇ ಮೈಕ್ರೊಪ್ರೊಸೆಸರು ಬಂದವು. ಹವ್ಯಾಸಿಗಳ ಬಾಗಿಲು ತೆರೆದದ್ದು ಮನೆ ಕಂಪ್ಯೂಟರಿನ ಹಿಂಬದಿಯ ಒಂದು ಸಾಮಾನ್ಯ ಸಾಕೆಟ್ಟು: ಪ್ರಿಂಟರಿಗೆಂದು ಇಟ್ಟ 25 ಪಿನ್ನಿನ ಪ್ಯಾರಲಲ್ ಪೋರ್ಟು. ಒಂದು ಅಕ್ಷಕ್ಕೆ ಎರಡು ತಂತಿ ಸಾಕು. ಒಂದರಲ್ಲಿ ಯಾವ ದಿಕ್ಕಿಗೆ ಎಂಬ ಸುದ್ದಿ, ಇನ್ನೊಂದರಲ್ಲಿ ಹೆಜ್ಜೆಯ ಮಿಡಿತ. ಪೋರ್ಟಿನ ಎಂಟು ಡೇಟಾ ಪಿನ್ನುಗಳಲ್ಲಿ ನಾಲ್ಕು ಅಕ್ಷ ಮುಗಿದವು. ಒಳಬರುವ ಐದು ಪಿನ್ನುಗಳಿಗೆ ಲಿಮಿಟ್ ಸ್ವಿಚ್ಚು, ಎಮರ್ಜೆನ್ಸಿ ಗುಂಡಿ. ಡಾಸ್‌ನಲ್ಲಿ ಓಡುವ ಟರ್ಬೊಸಿಎನ್‌ಸಿಯಂಥ ಪ್ರೋಗ್ರಾಮು, ಗುಜರಿಗೆ ಬಂದ ಪ್ರಿಂಟರಿನಿಂದ ಬಿಚ್ಚಿದ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರು ಸೇರಿದರೆ ಆಟ ಶುರು.

ಮಿಡಿತ ಹೊತ್ತಿಗೆ ಸರಿಯಾಗಿ ಹೋಗಬೇಕು, ಇಲ್ಲಿ ಅದೇ ತೊಡಕು. ಸ್ಟೆಪ್ಪರಿಗೆ ತಾನೆಲ್ಲಿದ್ದೇನೆಂದು ಗೊತ್ತಿಲ್ಲ. ಮಿಡಿತ ತಡವಾಗಿ, ಹಿಂದೆಯೇ ಅವಸರದಲ್ಲಿ ಇನ್ನೊಂದು ಬಂದರೆ ಅದು ಹೆಜ್ಜೆ ತಪ್ಪುತ್ತದೆ. ತಪ್ಪಿದ್ದನ್ನು ಹೇಳುವುದೂ ಇಲ್ಲ, ಕೆಲಸ ಕೆಟ್ಟ ಮೇಲೆಯೇ ತಿಳಿಯುವುದು. ಮೌಸ್ ಅಲ್ಲಾಡಿಸಿದರೂ ತಡವರಿಸುವ ವಿಂಡೋಸಿಗೆ ಇಂಥ ಕೆಲಸ ಒಪ್ಪಿಸುವುದು ಸುಲಭವಿರಲಿಲ್ಲ. ಉತ್ತರ ಎರಡು ಕಡೆಯಿಂದ ಬಂತು. 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆ ನಿಸ್ಟ್, ಕಾರ್ಖಾನೆಗಳಿಗೆ ಯಾವುದೇ ಕಂಪನಿಯ ಹಿಡಿತವಿಲ್ಲದ ನಿಯಂತ್ರಕ ಬೇಕೆಂದು ಇಎಂಸಿ ಎಂಬ ತಂತ್ರಾಂಶ ಬರೆಸಿ, ಜನರಲ್ ಮೋಟರ್ಸಿನ ಕಾರ್ಖಾನೆಯೊಂದರಲ್ಲಿ ಪರೀಕ್ಷೆಯನ್ನೂ ಮಾಡಿತ್ತು. ಅಮೆರಿಕದ ಸರ್ಕಾರಿ ನೌಕರರು ಬರೆದದ್ದಕ್ಕೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಹಾಗಾಗಿ ಅದು ಸಾರ್ವಜನಿಕರ ಸೊತ್ತಾಯಿತು, ಹವ್ಯಾಸಿಗಳು ಎತ್ತಿಕೊಂಡರು. ರಿಯಲ್‌ಟೈಮ್ ಲಿನಕ್ಸಿನ ಮೇಲೆ ನಿಂತ ಅದೇ ಇವತ್ತಿನ ಲಿನಕ್ಸ್‌ಸಿಎನ್‌ಸಿ. ಇನ್ನೊಂದು ಕಡೆ ಆರ್ಟ್ ಫೆನರ್ಟಿ ವಿಂಡೋಸಿನ ಒಳಕ್ಕೇ ನುಗ್ಗಿ ಮಿಡಿತ ಕೊಡುವ ಮ್ಯಾಕ್ ಎಂಬ ತಂತ್ರಾಂಶ ಮಾಡಿದ; ಅದರ ಮೂರನೇ ಆವೃತ್ತಿ ಸಾವಿರಾರು ಶೆಡ್ಡುಗಳನ್ನು ಹೊಕ್ಕಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಬರೆದ ಗರ್ಬ್ಲ್ ಬಂದಾಗ ಕಂಪ್ಯೂಟರಿಗೂ ಆ ಜವಾಬ್ದಾರಿ ತಪ್ಪಿತು. 32 ಕಿಲೋಬೈಟ್ ಸಂಗ್ರಹ, 2 ಕಿಲೋಬೈಟ್ ನೆನಪು ಇರುವ ಆರ್ಡುಯಿನೊ ಬೋರ್ಡಿನಲ್ಲಿ ಅದು ಮೂರು ಅಕ್ಷಗಳನ್ನು ನಡೆಸುತ್ತದೆ, ಮುಂದಿನ ತಿರುವು ನೋಡಿ ವೇಗ ತಗ್ಗಿಸುತ್ತದೆ, ಕಮಾನು ಬಿಡಿಸುತ್ತದೆ. ಎಂಐಟಿಯ ಕಪಾಟುಗಳು ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸ ಅಂಗೈ ಅಗಲದ ಬೋರ್ಡಿಗೆ ಇಳಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಬೋರ್ಡು, ಡ್ರೈವರು, ಮೋಟರುಗಳನ್ನು ಒಂದೇ ಸುತ್ತಿನಲ್ಲಿ ಕೊಂಡು ಬರಬಹುದು.

ಇಷ್ಟಾದ ಮೇಲೆ ಮನೆಮನೆಗೂ ಲೋಹ ಕೊರೆಯುವ ಯಂತ್ರ ಬರಬೇಕಿತ್ತು. ಬರಲಿಲ್ಲ. 2005ರಲ್ಲಿ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬಾಯರ್ ಶುರುಮಾಡಿದ ರೆಪ್‌ರ್‍ಯಾಪ್ ಯೋಜನೆಯಿಂದ 3ಡಿ ಪ್ರಿಂಟರ್ ಜಗತ್ತಿನ ತುಂಬ ಹರಡಿತು. ಅದೇ ಮೋಟರು, ಅದೇ ಬೋರ್ಡು ಇದ್ದ ಲೋಹದ ಸಿಎನ್‌ಸಿ ಹಿಂದೆ ಉಳಿಯಿತು. ಪ್ರಿಂಟರಿನ ಮೂತಿ ಕರಗಿದ ಪ್ಲಾಸ್ಟಿಕ್ಕನ್ನು ಸುರಿಯುತ್ತ ಹೋಗುತ್ತದೆ, ಎದುರಿಂದ ಅದನ್ನು ಯಾರೂ ತಳ್ಳುವುದಿಲ್ಲ. ಕಟರ್ ಹಾಗಲ್ಲ. ಲೋಹ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಒಂದು ಲೆಕ್ಕ ನೋಡಬಹುದು. ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಡ್ರೈವರು ಒಂದೊಂದನ್ನೂ ಹತ್ತಾಗಿ ಸೀಳಿದರೆ 2000. ಒಂದು ಸುತ್ತಿಗೆ 5 ಮಿ.ಮೀ. ಸಾಗಿಸುವ ಬಾಲ್ ಸ್ಕ್ರೂಗೆ ಅದನ್ನು ಕಟ್ಟಿದರೆ ಒಂದು ಮಿಡಿತಕ್ಕೆ 2.5 ಮೈಕ್ರಾನ್. ಕಾಗದದ ಮೇಲೆ ಇದು ಕಾರ್ಖಾನೆಯ ಯಂತ್ರಕ್ಕೆ ಸಮ. ಈಗ ಹೊಸಬರು ಮೊದಲು ಕಟ್ಟುವ ಮೈ ತೆಗೆದುಕೊಳ್ಳಿ: 20 ಮಿ.ಮೀ. ದಪ್ಪದ ಎರಡು ಉಕ್ಕಿನ ಸರಳು, ತುದಿಗಳಲ್ಲಷ್ಟೇ ಆಧಾರ, ನಡುವೆ 600 ಮಿ.ಮೀ. ಅಂತರ. ಮಧ್ಯದಲ್ಲಿ 10 ಕಿಲೋ ತೂಕದಷ್ಟು ಬಲ ಬಿದ್ದರೆ ಸರಳುಗಳು ಸುಮಾರು 140 ಮೈಕ್ರಾನ್ ಬಾಗುತ್ತವೆ. ಬುದ್ಧಿ ಲೆಕ್ಕ ಹಾಕಿದ ಹೆಜ್ಜೆಯ ಐವತ್ತು ಪಟ್ಟಿಗಿಂತ ಹೆಚ್ಚು! ಬಾಗಿದ್ದು ಬಾಗಿದಂತೆಯೇ ಇದ್ದರೂ ಅಷ್ಟು ತೊಂದರೆಯಿಲ್ಲ. ಆದರೆ ಕಟರಿನ ಒಂದೊಂದು ಹಲ್ಲು ಕಚ್ಚಿದಾಗಲೂ ಬಾಗಿ, ಬಿಟ್ಟಾಗ ಚಿಮ್ಮಿ ಮೈ ನಡುಗುತ್ತದೆ. ಅದೇ ಚಾಟರ್. ಕಿವಿಗೆ ಕರ್ಕಶ ಕೀರಲು, ಲೋಹದ ಮೇಲೆ ಸಾಲು ಸಾಲು ಗೀರು, ಕೊನೆಗೆ ಕಟರ್ ತುಂಡು.

ತೊಲೆಯ ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ಅಗಲ ಅಷ್ಟೇ ಇದ್ದು ಆಳ ಎರಡು ಪಟ್ಟಾದರೆ ಬಾಗು ಎಂಟನೇ ಒಂದು ಭಾಗ. ಹವ್ಯಾಸಿಗಳ ಯೋಜನೆಗಳೆಲ್ಲ ಈ ಒಂದು ಸೂತ್ರದ ಸುತ್ತ ಗಿರಕಿ ಹೊಡೆಯುತ್ತವೆ. ಕೆಲವರು ಎಂಐಟಿಯ ದಾರಿ ಹಿಡಿದರು: ಅಮೆರಿಕದಲ್ಲಿ ಹಳೆಯ ಬ್ರಿಜ್‌ಪೋರ್ಟ್ ಮಿಲ್ಲುಗಳನ್ನೂ, ಶಾಂಘೈನ ಸೀಗ್ ಕಂಪನಿಯ ಪುಟ್ಟ ಮಿಲ್ಲುಗಳನ್ನೂ ತಂದು ಹ್ಯಾಂಡಲ್ ಬಿಚ್ಚಿ ಮೋಟರು ಕೂರಿಸಿದರು. ಬೀಡು ಕಬ್ಬಿಣವನ್ನು ಬೇರೆಯವರು ಎರೆದುಕೊಟ್ಟಿದ್ದರೆ ಅದಕ್ಕಿಂತ ಜಾಣತನದ ದಾರಿಯಿಲ್ಲ. ಬೀಡಿನಲ್ಲಿರುವ ಗ್ರಾಫೈಟಿನ ಚಕ್ಕೆಗಳು ನಡುಕವನ್ನು ನುಂಗುತ್ತವೆ, ಉಕ್ಕಿಗೂ ಅಲ್ಯೂಮಿನಿಯಂಗೂ ಆ ಗುಣ ಅಷ್ಟಿಲ್ಲ.

ಇನ್ನು ಕೆಲವರು ಕಲ್ಲಿನತ್ತ ಹೊರಳಿದರು. ಇದಕ್ಕೂ ಹಿನ್ನೆಲೆಯುಂಟು. ಮೊದಲ ಮಹಾಯುದ್ಧದ ಹೊತ್ತಿಗೆ ಲೇತುಗಳ ಕೊರತೆ ಬಿದ್ದಾಗ ಲೂಸಿಯನ್ ಯೋಮನ್ಸ್ ಎಂಬ ಅಮೆರಿಕದ ಎಂಜಿನಿಯರ್ ಫಿರಂಗಿ ಗುಂಡು ಕೊರೆಯಲು ಕಾಂಕ್ರೀಟಿನ ಮೈಯ ಲೇತುಗಳನ್ನು ಮಾಡಿಸಿದ್ದ. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸ್ಟೂಡರ್ ಕಂಪನಿ ಗ್ರಾನಿಟನ್ ಎಂಬ ಹೆಸರಿನಲ್ಲಿ ಕಲ್ಲಿನ ಜಲ್ಲಿಯನ್ನು ಎಪಾಕ್ಸಿಯಲ್ಲಿ ಕಲಸಿ ಗ್ರೈಂಡಿಂಗ್ ಯಂತ್ರದ ಹಾಸು ಎರೆಯಿತು. ಹವ್ಯಾಸಿಗಳು ಅದನ್ನು ಅಡುಗೆಯ ಹದದಂತೆ ಹಂಚಿಕೊಂಡು ಬೆಳೆಸಿದರು: ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು, ಹುಡಿ ಎಂದು ಮೇಳೈಸಿ, ಸಂದುಗಳು ತುಂಬಿ ಎಪಾಕ್ಸಿ ಆದಷ್ಟು ಕಡಿಮೆ ಸಾಕಾಗುವಂತೆ ನೋಡಿಕೊಂಡು, ಅದುರಿಸಿ ಗಾಳಿ ಹೊರಡಿಸಿ ಎರೆಯುವುದು. ಕುಲುಮೆ ಬೇಡ, ನಡುಕ ನುಂಗುವುದರಲ್ಲಿ ಬೀಡಿಗಿಂತ ಮೇಲು. ಆದರೆ ಒಮ್ಮೆ ಗಟ್ಟಿಯಾದ ಮೇಲೆ ತೂತಿನ ಜಾಗ ಬದಲಿಸುತ್ತೇನೆಂದರೆ ಆಗದು.

ಈಚಿನ ವರ್ಷಗಳಲ್ಲಿ ಹೆಚ್ಚು ಜನ ಹಿಡಿದದ್ದು ಕಬ್ಬಿಣದಂಗಡಿಯ ಚೌಕ ಪೈಪು. ಪ್ರಿಂಟ್‌ಎನ್‌ಸಿ ಎಂಬ ಮುಕ್ತ ವಿನ್ಯಾಸ ಇದರಿಂದಲೇ ಹೆಸರಾಯಿತು: ಮೈಗೆ ಉಕ್ಕಿನ ಪೈಪು, ಜೋಡಣೆಗೆ 3ಡಿ ಪ್ರಿಂಟರಿನಲ್ಲಿ ತೆಗೆದ ಪ್ಲಾಸ್ಟಿಕ್ ಭಾಗಗಳು, ಚಲನೆಗೆ ಲೀನಿಯರ್ ಗೈಡು ಮತ್ತು ಬಾಲ್ ಸ್ಕ್ರೂ. ಮೇಲಿನ ಲೆಕ್ಕವನ್ನೇ 5 ಮಿ.ಮೀ. ದಪ್ಪದ ಗೋಡೆಯ, 100 ಮಿ.ಮೀ. ಚೌಕದ ಪೈಪಿಗೆ ಹಾಕಿದರೆ ಬಾಗು ಒಂದು ಮೈಕ್ರಾನಿಗಿಂತ ಕಡಿಮೆ. ಸಮಸ್ಯೆ ಅಲ್ಲಿಗೆ ಮುಗಿಯುವುದಿಲ್ಲ. ಅದು ಪೈಪಿನಿಂದ ಜೋಡಣೆಯ ಸಂದುಗಳಿಗೆ, ಬೇರಿಂಗುಗಳಿಗೆ ಜಾಗ ಬದಲಿಸುತ್ತದೆ. ಅಲ್ಲದೆ ಪೈಪಿನ ಮುಖ ಸಪಾಟಿರುವುದಿಲ್ಲ, ಉದ್ದಕ್ಕೂ ಒಂದಿಷ್ಟು ತಿರುಚಿರುತ್ತದೆ. ಅದರ ಮೇಲೆ ಗೈಡು ಬಿಗಿದರೆ ಗೈಡೂ ಹಾಗೆಯೇ ತಿರುಚಿಕೊಳ್ಳುತ್ತದೆ. ವಿಟ್‌ವರ್ತ್‌ನ ಪ್ರಶ್ನೆ ಇಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಹವ್ಯಾಸಿಗಳು ಕಂಡುಕೊಂಡ ಉಪಾಯ ಸೊಗಸಾಗಿದೆ: ಎರಡೂ ಕಡೆಯ ಪೈಪುಗಳ ಮೇಲೆ ಟೇಪಿನಿಂದ ಪುಟ್ಟ ಒಡ್ಡು ಕಟ್ಟಿ, ನಡುವೆ ಒಂದು ಕಾಲುವೆ ಮಾಡಿ ಎರಡನ್ನೂ ಸೇರಿಸಿ, ನೀರಿನಂತೆ ಹರಿಯುವ ಎಪಾಕ್ಸಿ ಸುರಿಯುತ್ತಾರೆ. ಅದು ತಾನಾಗಿ ಮಟ್ಟ ಹಿಡಿದು ನಿಧಾನವಾಗಿ ಗಟ್ಟಿಯಾಗುತ್ತದೆ. ಕೆರೆಯುವ ಕೈಗಳ ಕೆಲಸವನ್ನು ಭೂಮಿಯ ಸೆಳೆತಕ್ಕೇ ಒಪ್ಪಿಸಿದಂತೆ. ಅಂಚಿನಲ್ಲಿ ಮಾತ್ರ ಎಪಾಕ್ಸಿ ಗೋಡೆ ಹತ್ತಿ ಉಬ್ಬುತ್ತದೆ, ಅದನ್ನು ಕೆರೆದು ತೆಗೆಯಬೇಕು.

ಜಾರುವ ಭಾಗಗಳು ಅಷ್ಟಿಷ್ಟು ಅಗ್ಗವಾದದ್ದು ಈ ಕಥೆಯಲ್ಲಿ ಮೈಯ ಪಾಲಿಗೆ ಬಂದ ಒಂದೇ ದೊಡ್ಡ ರಿಯಾಯಿತಿ. ಉಂಡೆಗಳು ಒಳಗೇ ಸುತ್ತುವ ಬಾಲ್ ಸ್ಕ್ರೂ 1940ರ ದಶಕದಲ್ಲಿ ಜನರಲ್ ಮೋಟರ್ಸಿನ ಸ್ಯಾಗಿನಾ ವಿಭಾಗದಿಂದ ಕಾರಿನ ಸ್ಟೀರಿಂಗಿಗೆ ಬಂದಿತ್ತು; 1970ರ ದಶಕದ ಆರಂಭದಲ್ಲಿ ಜಪಾನಿನ ಟಿಎಚ್‌ಕೆ ಅದೇ ತತ್ವವನ್ನು ನೇರ ಹಳಿಗೆ, ಅಂದರೆ ಲೀನಿಯರ್ ಗೈಡಿಗೆ, ತಂದಿತು. ತೈವಾನ್ ಮತ್ತು ಚೀನಾದ ಕಾರ್ಖಾನೆಗಳು ಅವನ್ನು ರಾಶಿ ರಾಶಿ ಮಾಡತೊಡಗಿದ ಮೇಲೆ, ಹಳಿಯನ್ನು ಕೈಯಿಂದ ಕೆರೆಯುವ ಕಷ್ಟ ಹವ್ಯಾಸಿಗೆ ತಪ್ಪಿತು.

ಕಟ್ಟಿದ್ದು ಹೇಗಿದೆ ಎಂದು ತಿಳಿಯಲು ಅಮೆರಿಕದ ವಿಮಾನ ಉದ್ಯಮ 1969ರಲ್ಲಿ ಎನ್‌ಎಎಸ್ 979 ಎಂಬ ಮಾನಕದಲ್ಲಿ ಇಟ್ಟ ಪರೀಕ್ಷೆಯನ್ನೇ ಹವ್ಯಾಸಿಗಳೂ ಎರವಲು ಪಡೆದಿದ್ದಾರೆ: ಒಂದೇ ಅಲ್ಯೂಮಿನಿಯಂ ತುಂಡಿನಲ್ಲಿ ಚೌಕ, ಅದರ ಮೇಲೆ ಓರೆ ಚೌಕ, ಅದರ ಮೇಲೆ ವೃತ್ತ. ವೃತ್ತ ಎಲ್ಲವನ್ನೂ ಬಯಲು ಮಾಡುತ್ತದೆ. ಕಟರ್ ಸುತ್ತುವಾಗ ಪ್ರತಿ ಕಾಲು ಸುತ್ತಿಗೆ ಒಂದಲ್ಲ ಒಂದು ಅಕ್ಷ ದಿಕ್ಕು ಬದಲಿಸಬೇಕು. ಸ್ಕ್ರೂನಲ್ಲಿ ಪ್ಲೇ, ಅಂದರೆ ಸಡಿಲ, ಇದ್ದರೆ ಆ ನಾಲ್ಕು ಕಡೆ ಸಣ್ಣ ಮೆಟ್ಟಿಲು ಮೂಡುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರು ಎಳೆದರೆ ತಡೆಯುತ್ತದೆ. ಎರಡು ಅಕ್ಷಗಳು ಒಂದಕ್ಕೊಂದು ಲಂಬವಾಗಿಲ್ಲದಿದ್ದರೆ ಕೆಳಗಿನ ಚೌಕದ ಕರ್ಣಗಳು ಸಮ ಬರುವುದಿಲ್ಲ. ತಂತ್ರಾಂಶದಲ್ಲಿ ಪ್ಲೇಗೆ ಪರಿಹಾರದ ಅಂಕಿ ತುಂಬಲು ಅವಕಾಶವಿದೆ, ಎಷ್ಟೋ ಜನ ತುಂಬುತ್ತಾರೆ ಕೂಡ. ಲೋಹದ ಮೇಲೆ ಅದು ಹೆಚ್ಚು ಬಾಳುವುದಿಲ್ಲ, ಕಟರ್ ಎಳೆದತ್ತ ಮೇಜು ಜಾರುತ್ತದೆ.

ವೃತ್ತ ಒಂದು ಮಟ್ಟಕ್ಕೆ ಬಂದ ಮೇಲೆ ಪ್ರಿಂಟ್‌ಎನ್‌ಸಿ ಕಟ್ಟಿದವರಲ್ಲಿ ಅನೇಕರು ಮೊದಲು ಮಾಡುವ ಕೆಲಸ, ತಮ್ಮ ಯಂತ್ರದ್ದೇ ಪ್ಲಾಸ್ಟಿಕ್ ಬ್ರಾಕೆಟ್ಟುಗಳನ್ನು ಅಲ್ಯೂಮಿನಿಯಂನಲ್ಲಿ ಕೊರೆದು ಬದಲಿಸುವುದು. ಅದಾದ ಮೇಲೆ ಕಟರ್ ತಿರುಗಿಸುವ ಸ್ಪಿಂಡಲನ್ನು ಹಿಡಿಯುವ ಪ್ಲೇಟು. ಆಮೇಲೆ ಪೈಪಿನೊಳಗೆ ಮರಳು, ಎಪಾಕ್ಸಿ ತುಂಬಿ ತೂಕ ಏರಿಸುವುದು. ಉಕ್ಕು ಕೊರೆಯುವ ಆಸೆ ಇದೆಲ್ಲದರ ನಂತರದ್ದು. ಅದಕ್ಕೆ ಕೈಹಾಕಿದವರು ಒಂದು ಸಲಕ್ಕೆ ಮಿಲಿಮೀಟರಿನ ಹತ್ತನೇ ಎರಡರಷ್ಟು ಕೊರೆತದಿಂದ ಶುರುಮಾಡಿ, ಕಿವಿಗೊಟ್ಟು ಕೂರುತ್ತಾರೆ. ಕೀರಲು ಕೇಳಿದರೆ ಬೋರ್ಡು ಬದಲಿಸಲು ಹೋಗದೆ ಯಂತ್ರದ ಬೋಲ್ಟುಗಳನ್ನು ಬಿಚ್ಚುತ್ತಾರೆ.